ಛಾಪಾ ಕಾಗದ

ಹಗಲು ಕಾಲೇಜಿನವರು ಬೋರ್ಡಿನ ತುಂಬ ಬರೆದು
ಮೂಲೆಯಲ್ಲಿ ‘ಅಳಿಸಬೇಡಿ’ ಎಂದು ಹೋಗಿರುತ್ತಿದ್ದರು.
ಉಳಿದ ಅಂಗೈಯಗಲ ಜಾಗದಲ್ಲಿ
ಮೂವತ್ತೊಂದು ವರ್ಷ
ಜಮಾ-ಖರ್ಚು ಕಲಿಸಿದೆ.

ಸಂಜೆ ಆರೂಕಾಲಕ್ಕೆ ಹಾಜರಿ.
ಆರೋಗ್ಯಸ್ವಾಮಿ, ಕೂದಲಲ್ಲಿನ್ನೂ ಮಿಲ್ಲಿನ ಹತ್ತಿ.
ಗಡಿಯಾರ ಕಾರ್ಖಾನೆಯ ಖಲೀಲುಲ್ಲಾ,
ನಾನೆಷ್ಟು ನಿಮಿಷ ತಡವೆಂದು
ಮಣಿಕಟ್ಟು ನೋಡದೆಯೇ ಹೇಳುವವನು.
ಟೆಲಿಫೋನ್ ಎಕ್ಸ್‌ಚೇಂಜಿನ ರಾಜಮಣಿ ಒಮ್ಮೆ
‘ಪ್ರೆಸೆಂಟ್’ ಅನ್ನುವ ಬದಲು
‘ನಂಬರ್ ಪ್ಲೀಸ್’ ಅಂದುಬಿಟ್ಟಳು.
ಯಾರೂ ನಗಲಿಲ್ಲ. ನಾನು ನಕ್ಕೆ. ತಪ್ಪಾಯಿತು.

ನಿದ್ದೆಗೂ ಹಾಜರಿ ಕೊಟ್ಟಿದ್ದೇನೆ.
ಬೆಂಚಿನವರೆಗೆ ನಡೆದು ಬಂದಿದ್ದಾರಲ್ಲ ಸಾರ್,
ಎಂದಿದ್ದೇನೆ ಪ್ರಿನ್ಸಿಪಾಲರಿಗೆ.
ಒಂಬತ್ತಕ್ಕೆ ಮೆಜೆಸ್ಟಿಕ್ಕಿನ ಬಸ್ಸು;
ಆಸ್ತಿ ಒಂದು ಕಡೆ, ಹೊಣೆ ಒಂದು ಕಡೆ,
ತಾಳೆಯಾಗದೆ ಹಾಗೇ ಹತ್ತಿಬಿಡುತ್ತಿದ್ದವು.

ಮಿಲ್ಲು ಮುಚ್ಚಿತು. ಗಡಿಯಾರವೂ ನಿಂತಿತು.
ಈಗ ಬರುವವರು ಪೀಣ್ಯದ ಗಾರ್ಮೆಂಟ್ಸಿನಿಂದ.
ನಿವೃತ್ತನಾದರೂ ಜೂನ್ ಬಂತೆಂದರೆ
ಅರ್ಜಿ ತುಂಬಿಕೊಡಲು ಕಾರಿಡಾರಿನಲ್ಲಿ ಕೂರುತ್ತೇನೆ.

ನಿನ್ನೆ ಮುನಿಯಲ್ಲಮ್ಮ
ಇಪ್ಪತ್ತು ರೂಪಾಯಿಯ ಛಾಪಾ ಕಾಗದ ಮುಂದಿಟ್ಟಳು.
ಪಿಯುಸಿ ಆಗಿ ಹದಿನಾಲ್ಕು ವರ್ಷ.
ನಡುವೆ ಏನು ಮಾಡಿದಿರಿ,
ಪ್ರಮಾಣ ಮಾಡಿ ಬರೆಯಬೇಕಂತೆ.

‘ಏನಂತ ಬರೀಲಿ ಸಾ?
ದಿನಕ್ಕೆ ಆರುನೂರು ಕಾಲರು ಹೊಲ್ದೆ.
ಎರಡು ಹೆತ್ತೆ. ತಮ್ಮನ್ನ ಡಿಪ್ಲೊಮಾ ಓದಿಸ್ದೆ.
ಅದನ್ನ ಇವರು ಗ್ಯಾಪ್ ಅಂತಾರಾ?’

ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಅವಳೇ ಕಾಗದ ಎಳೆದುಕೊಂಡು
ಒತ್ತು ಹೊಲಿಗೆಯಂಥ ಅಕ್ಷರದಲ್ಲಿ ಬರೆದಳು:
‘ದುಡೀತಿದ್ದೆ.’

ಇಷ್ಟೇನಾ, ಅಂದನಂತೆ ನೋಟರಿ.
ಕೆಳಗೆ ಜಾಗ ಇತ್ತು,
ಬೇಕಾದಷ್ಟು.