ಉತ್ತ ಗೋಡೆ

ಹೊಲ ಉಳುವುದಕ್ಕೂ ಗೋಡೆ ಗೀರುವುದಕ್ಕೂ
ನಮ್ಮ ಸೆಸೊಥೊದಲ್ಲಿ ಬೇರು ಒಂದೇ.
ಲಿತೆಮಾ ಅಂದರೆ ಗೋಡೆಯ ಮೇಲಿನ ಉಳುಮೆ:
ಸಗಣಿ ಕಲಸಿದ ಕೆಮ್ಮಣ್ಣು ಹಸಿಯಿರುವಾಗಲೇ
ಮುಳ್ಳುಚಮಚದಿಂದ ಎಳೆದ ಸಾಲು,
ಒಂದು ಚೌಕ ನೆಟ್ಟಗೆ, ಪಕ್ಕದ್ದು ಅಡ್ಡ.

ನನ್ನ ನ್ಖೊನೊ, ಅಮ್ಮನ ಅಮ್ಮ,
ಮಫೆಟೆಂಗಿನಾಚೆಯ ದಿನ್ನೆಯ ಮೇಲೆ
ಪ್ರತಿ ಆಗಸ್ಟಿನಲ್ಲಿ, ಪೀಚ್ ಗಿಡ
ಎಲೆಗೆ ಮೊದಲೇ ಹೂ ಬಿಟ್ಟಾಗ,
ಮನೆಗೆ ಹೊಸ ಚರ್ಮ ಹೊದಿಸುತ್ತಾಳೆ.
ಚಳಿಗೆ ಹೊದ್ದ ಕಂಬಳಿಯನ್ನು ಸೊಂಟಕ್ಕೆ ಬಿಗಿದು
ಯಾರ ಮೇಲೋ ಸಿಟ್ಟಿದ್ದವಳಂತೆ ಗೀರುತ್ತಾಳೆ.
ಸಿಟ್ಟು ಇರುವುದೂ ಉಂಟು.

ನಾನು ಪೇಟೆಯಲ್ಲಿ, ಟ್ಯಾಕ್ಸಿ ನಿಲ್ದಾಣದ ಎದುರು,
ಒಡೆದ ಫೋನುಗಳ ಗಾಜು ಬದಲಿಸುತ್ತೇನೆ.
ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ
ಯಾರೂ ವಾಪಸು ಕೇಳದ ಒಂದು ಟ್ಯಾಬಿನಲ್ಲಿ
ಅವಳ ಗೋಡೆಯನ್ನು ಬಿಡಿಸತೊಡಗಿದೆ.
ಒಂದು ಚೌಕ ಬಿಡಿಸಿದರೆ ಸಾಕು,
ಉಳಿದ ಮೂರನ್ನು ಯಂತ್ರವೇ ಮಗುಚಿ ಕೊಡುತ್ತದೆ.
ಕೂದಲೆಳೆಯ ತಪ್ಪಿಲ್ಲ.
ಜೋಹಾನ್ಸ್‌ಬರ್ಗಿನ ದಿಂಬುಗವಸಿನ ವ್ಯಾಪಾರಿಯೊಬ್ಬ
ಬೆಲೆ ಕೇಳಿದ. ಹೇಳಿದೆ. ಚೌಕಾಸಿಯಿಲ್ಲದೆ ಕೊಟ್ಟ.
ಆಗ ಗೊತ್ತಾಯಿತು, ಕಡಿಮೆ ಹೇಳಿದ್ದೆ.

ಭಾನುವಾರ ಅವಳಿಗೆ ತೋರಿಸಿದೆ.
ಕಂಬಳಿಯ ಅಂಚನ್ನು ನೆರಳು ಹಿಡಿದು ನೋಡಿದಳು.
"ಯಾರ ಮನೆ ಇದು?"
"ನಿನ್ನದೇ."
"ಅಲ್ಲ. ನನ್ನದರಲ್ಲಿ ಕಿಟಕಿಯ ಕೆಳಗೆ
ನಾಲ್ಕನೆಯ ಸಾಲು ವಾಲಿದೆ.
ಅವತ್ತು ಗಣಿಯಿಂದ ಕಾಗದ ಬಂತು,
ನಿನ್ನ ತಾತನ ಕೈಬರಹವಲ್ಲ.
ಓದಬಲ್ಲವರನ್ನು ಹುಡುಕಿ ಬರುವಷ್ಟರಲ್ಲಿ
ಮಣ್ಣು ಒಣಗಿಬಿಟ್ಟಿತ್ತು.
ಅಂದಿನಿಂದ ಆ ಸಾಲನ್ನು
ವಾಲಿಸಿಯೇ ಎಳೆಯುತ್ತೇನೆ."

ಆಮೇಲೆ ಕೇಳಿದಳು:
"ಇದಕ್ಕೆ ಮಳೆ ಎಲ್ಲಿಂದ ಬರುತ್ತದೆ?"
ನಾನು ನಕ್ಕೆ. ಅವಳು ನಗಲಿಲ್ಲ.
"ಇದು ಅಳಿಸುವುದಿಲ್ಲ ನ್ಖೊನೊ, ಅದಕ್ಕೇ ಮಾಡಿದ್ದು."
"ಹಾಗಾದರೆ ಮುಂದಿನ ಆಗಸ್ಟಿಗೆ
ನೀನು ಏನು ಮಾಡುತ್ತೀ?"

ಉತ್ತರ ಹೊಳೆಯದೆ ಟ್ಯಾಕ್ಸಿ ಹತ್ತಿದೆ.
ಗೋಡೆ ಬರೆಯುವುದೇ ಮಳೆಯನ್ನು ಕರೆಯಲಿಕ್ಕೆ;
ಕರೆದ ಮಳೆ ಬಂದು ಮೊದಲು ತಿನ್ನುವುದು
ಬರೆದದ್ದನ್ನೇ.
ಇದು ನನಗೆ ಹುಟ್ಟಿನಿಂದ ಗೊತ್ತಿತ್ತು.
ಗೊತ್ತಿದ್ದೂ ದಿಂಬಿಗೆ ಮಾರಿದ್ದೆ.

ಮೂರು ತಿಂಗಳು ರಾತ್ರಿ ಕೂತು ಕಲಿತೆ, ಕೆಡಿಸಿದೆ, ಕಲಿತೆ.
ಈಗ ನಮ್ಮ ದಿನ್ನೆಯ ಮೇಲೆ ಮಳೆ ಬಿದ್ದಾಗಲೆಲ್ಲ
ಎಲ್ಲರ ಪರದೆಯಲ್ಲೂ ನಾಲ್ಕು ಬೆರಳಗಲ ತೊಳೆದುಹೋಗುತ್ತದೆ.
ತೆರೆದವರು ತಾವೇ ಬರೆದುಕೊಳ್ಳಬೇಕು.
"ಫೈಲು ಕೆಟ್ಟಿದೆ," ಎಂದು ಬರೆದ ದಿಂಬಿನವನು.
"ಇಲ್ಲಿ ಮಳೆ ಬಂತು," ಎಂದು ಬರೆದೆ.
ದುಡ್ಡು ವಾಪಸು ಕೇಳಿದ. ಅರ್ಧ ಖರ್ಚಾಗಿತ್ತು.

ವೆಲ್ಕಮ್ಮಿನ ಗಣಿ ಕಾಲೊನಿಯ ಒಬ್ಬ ಹುಡುಗಿ,
ಇಂಥ ಗೋಡೆಯನ್ನು ಮುಟ್ಟಿಯೇ ನೋಡದವಳು,
ಅಳಿದ ಜಾಗದಲ್ಲಿ ಲಾರಿ ಟೈರಿನ ಹಲ್ಲುಗುರುತು ಬಿಡಿಸಿ ಕಳಿಸಿದಳು.
ನ್ಖೊನೊ ಅದನ್ನು ಬಹಳ ಹೊತ್ತು ನೋಡಿದಳು.
"ಯಾರ ಮಗಳಂತೆ ಇವಳು?"
ಅವಳಿಗೆ ಹಿಡಿಸಿದ್ದನ್ನೆಲ್ಲ ಹೀಗೇ ಕೇಳುವುದು.

ಈಗ ನವೆಂಬರ್. ಹೊರಗೆ ಆಲಿಕಲ್ಲು ನಿಂತು ನೀರಾಗಿ,
ಗೋಡೆ ಕೆಂಪಗೆ ಅಂಗಳಕ್ಕಿಳಿಯುತ್ತಿದೆ.
ಟ್ಯಾಬನ್ನು ಅವಳ ತೊಡೆಯ ಮೇಲಿಟ್ಟೆ.
ಬೆರಳಿಟ್ಟಳು. ಏನೂ ಮೂಡಲಿಲ್ಲ.
ಅರವತ್ತು ವರ್ಷ ಮಣ್ಣಿಗೆ ತೇದ ಬೆರಳು,
ಗಾಜಿನ ಲೆಕ್ಕಕ್ಕೆ ಅದು ಕಟ್ಟಿಗೆ.
ಬೈದಳು. ಗಾಜನ್ನೋ, ನನ್ನನ್ನೋ.
ಕೈಯನ್ನು ಬಾಗಿಲಾಚೆ ಮಳೆಗೆ ಚಾಚಿ
ಒದ್ದೆ ಬೆರಳನ್ನೇ ಮತ್ತೆ ಊರಿದಳು.
ಗೆರೆ ಹೊರಟಿತು, ನೀರು ಹರಡಿದತ್ತ ಹರಡಿತು,
ಕಿಟಕಿಯ ಕೆಳಗೆ ಬಂದಾಗ ವಾಲಿತು.

"ಇದರ ಮಣ್ಣು ಚೆನ್ನಾಗಿಲ್ಲ," ಎಂದಳು
ಇನ್ನೊಂದು ಎಳೆಯುತ್ತಾ.