ನಾಲ್ಕಿಂಚು

ದುಲೂತ್ ಊರಿನ ಕಡಿದಾದ ಬೀದಿಯೊಂದರಲ್ಲಿ
ಸರೋವರವೆಂದು ಹೆಸರಿದ್ದೂ ಕಡಲಿನ ಹಾಗೆ ಗದರುವ ನೀರಿಗೆ
ಮುಖಮಾಡಿ ಕೂತು ಈ ಮನೆಗೆ ನೂರು ವರ್ಷ.
ನಾನು ಬಡಗಿ. ಕಿವಿಯ ಹಿಂದೊಂದು ಪೆನ್ಸಿಲ್ಲು,
ಜೇಬಿನಲ್ಲಿ ಅಂದಾಜು ಬರೆಯುವ ಜಿಡ್ಡು ಹತ್ತಿದ ಪುಸ್ತಕ.

'ಅಡುಗೆಮನೆ ಪೂರಾ ಹೊಸದಾಗಬೇಕು' ಅಂದಳು ಸೋಲ್ವೈಗ್,
'ಆದರೆ ಹಳೆಯದರ ಹಾಗೇ ಇರಬೇಕು.'
ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ.
ಅದೂ ಸಿಗುತ್ತದೆ ಅಂಗಡಿಯಲ್ಲಿ:
ಎಳೆಯ ಪೈನ್ ಹಲಗೆಗೆ ಸರಪಳಿಯಿಂದ ಬಾರಿಸಿ
ಗಾಯಕ್ಕೆ ಕಂದು ಬಣ್ಣ ತುಂಬಿ
ಅಜ್ಜನ ಕಾಲದ್ದೆಂದು ಮಾರುತ್ತಾರೆ, ಇಮ್ಮಡಿ ದುಡ್ಡಿಗೆ.
ನಾನು ಹೇಳಲಿಲ್ಲ. ಕೆಲಸ ಬೇಕಿತ್ತು.

ನೆಲದಿಂದ ಶುರು. ಲಿನೋಲಿಯಂ ಕೆಳಗೆ ಲಿನೋಲಿಯಂ:
ಬೂದು ಚುಕ್ಕಿ, ಅದರಡಿ ಸಾಸಿವೆ ಹಳದಿ,
ಅದರಡಿ ಕೆಂಪು ಕಪ್ಪು ಚೌಕಳಿ.
ಈರುಳ್ಳಿ ಸುಲಿದಂತೆ. ಕಣ್ಣೀರೇನೋ ಬಂತು,
ಅದು ಅಂಟಿನ ಘಾಟಿಗೆ.
ಕೊನೆಗೆ ಕಂಡದ್ದು ಮೇಪಲ್ ಮರ,
ಒಲೆಯಿದ್ದ ಕಡೆ ಕೆಂಡ ಬಿದ್ದ ಏಳೆಂಟು ಕಪ್ಪು ಕಲೆ.

ಆಮೇಲೆ ಕಿಟಕಿಯ ಕೆಳಗಿನ ಮರದ ಕಟ್ಟೆ.
ಉಳಿದ ಕಟ್ಟೆಗಳಿಗಿಂತ ನಾಲ್ಕಿಂಚು ತಗ್ಗು.
ಮನೆ ಕುಸಿದಿದೆಯೇನೋ ಎಂದು ರಸಮಟ್ಟ ಇಟ್ಟೆ;
ಗುಳ್ಳೆ ನಟ್ಟನಡುವೆ ನಿಂತಿತು.
ಬಗ್ಗಿ ನೋಡಿದರೆ ಕಾಲುಗಳ ತುದಿಗೆ ಕೈಗರಗಸದ ಹಲ್ಲಿನ ಗೀರು.
ಬೇಕೆಂದೇ ಕೊಯ್ದದ್ದು, ಅದೂ ಸೊಟ್ಟಗೆ.
ನನ್ನ ಕೈಕೆಳಗಿನ ಹುಡುಗನಾಗಿದ್ದರೆ
ಮಧ್ಯಾಹ್ನದೊಳಗೆ ಲೆಕ್ಕ ತೀರಿಸಿ ಕಳಿಸುತ್ತಿದ್ದೆ.

'ಮೊದಲು ಅದನ್ನು ಕಿತ್ತು ಬಿಸಾಡು' ಅಂದಳು ಸೋಲ್ವೈಗ್.
ಆರಡಿ ಹೆಂಗಸು. ತರಕಾರಿ ಹೆಚ್ಚಲು ನಿಂತರೆ
ಬಾಗಿಲಿಲ್ಲದ ಗುಡಿಸಲಿಗೆ ನುಗ್ಗುವವಳಂತೆ ಬಾಗಬೇಕು.
ಗಂಡ ಕರ್ಟಿಸ್‌ಗೆ ಒಂದೇ ಚಿಂತೆ,
ಪಾತ್ರೆ ತೊಳೆಯುವ ಯಂತ್ರ ಅದರಡಿ ಹಿಡಿಸದು.

ಸದ್ದು ಕೇಳಿ ಬಂದಳು ಪಕ್ಕದ ಮನೆಯ ಹಿಲ್ಮಾ,
ತೊಂಬತ್ತೊಂದು ವಯಸ್ಸು, ಕೈಯಲ್ಲಿ ಏಲಕ್ಕಿ ಬ್ರೆಡ್ಡು.
ಕೂರು ಅನ್ನುವ ಮೊದಲೇ ಕೂತಳು.

'ಅದು ಲೆಂಪಿಯ ಕಟ್ಟೆ. ನಾಲ್ಕಡಿ ಒಂಬತ್ತಿಂಚಿನವಳು.
ಸೇಬಿನ ಪೆಟ್ಟಿಗೆ ಮೇಲೆ ಹತ್ತಿ ಹಿಟ್ಟು ನಾದುತ್ತಿದ್ದಳು.
ತಗ್ಗಿಸಿಕೊಡು ಎಂದರೆ ಉರ್ಹೊ, ಅವಳ ಗಂಡ, ಹೇಳುತ್ತಿದ್ದ:
ಕಟ್ಟೆ ಸರಿಯಾಗೇ ಇದೆ, ನೀನೇ ಕುಳ್ಳಿ.
ಹನ್ನೊಂದು ವರ್ಷ ಅದೇ ಮಾತು.
ಒಂದು ದಿನ ಪೆಟ್ಟಿಗೆ ಜಾರಿತು. ಮಣಿಕಟ್ಟು ಮುರಿಯಿತು.
ಅದಿರಿನ ಹಡಗಿಗೆ ಸರಕು ತುಂಬಿಸಿ ರಾತ್ರಿ ಮನೆಗೆ ಬಂದವ
ತಪ್ಪಾಯಿತು ಅಂದನೋ ಇಲ್ಲವೋ, ನನಗೆ ಗೊತ್ತಿಲ್ಲ.
ಬೆಳಕು ಹರಿಯುವವರೆಗೆ ಗರಗಸದ ಸದ್ದು ಮಾತ್ರ
ನಮ್ಮ ಮನೆಗೂ ಕೇಳಿಸಿತು.'

ಬ್ರೆಡ್ಡು ಕೊಯ್ದು ಕೊಟ್ಟು ಹೊರಟುಹೋದಳು.

ಸೋಲ್ವೈಗ್ ಬಹಳ ಹೊತ್ತು ಏನೂ ಆಡಲಿಲ್ಲ.
ಆಮೇಲೆ ಕಟ್ಟೆಯ ಮುಂದೆ ನಿಂತು
ಎರಡೂ ಅಂಗೈ ಊರಿ, ಇಲ್ಲದ ಹಿಟ್ಟನ್ನು ಒಮ್ಮೆ ಅದುಮಿದಳು.
ಇನ್ನೊಮ್ಮೆ. ಮೈಯ ಭಾರವೆಲ್ಲ ಅಂಗೈಗಿಳಿಯಿತು.
'ಅರೆ, ನಾದುವುದಕ್ಕೆ ನನಗೂ ಇದೇ ಸರಿ.'
ಉಳಿದ ಕಟ್ಟೆ ಅವಳ ಸೊಂಟಕ್ಕೆ ತಕ್ಕಂತೆ ಎತ್ತರಿಸಿದೆ,
ಯಂತ್ರ ಉಗ್ರಾಣಕ್ಕೆ ಹೋಯಿತು.
ಕರ್ಟಿಸ್ ಎರಡು ದಿನ ಗೊಣಗಿದ.

ಪುಸ್ತಕದಲ್ಲಿ ಬರೆದೆ:
ಕಿಟಕಿ ಕಟ್ಟೆ, ಮುಟ್ಟಬಾರದು, ಖರ್ಚು ಸೊನ್ನೆ.

ಸುಳ್ಳು. ಒಂದು ಸಲ ಮುಟ್ಟಿದೆ.
ಎಡಗಡೆಯ ಕಾಲು ಕೂದಲೆಳೆ ಗಿಡ್ಡ,
ಅದರಡಿ ನಾಲ್ಕು ಮಡಿಕೆ ಮಡಚಿದ ತಂಬಾಕಿನ ತಗಡು.
ಎಳೆದು ತೆಗೆದೆ. ಓಕ್ ಮರದ ಬೆಣೆಯೊಂದನ್ನು
ನೀಟಾಗಿ ಕೆತ್ತಿ ಸಿದ್ಧಮಾಡಿದೆ.
ಬೆಣೆ ನನ್ನ ಜೇಬಿನಲ್ಲೇ ಇದೆ.
ತಗಡನ್ನು ಇದ್ದಲ್ಲಿಗೇ ತುರುಕಿ ಬಂದೆ.
ಜೋರಾಗಿ ನಾದಿದರೆ ಕಟ್ಟೆ ಈಗಲೂ ತುಸು ಕುಲುಕುತ್ತದೆ,
ದೂರು ಬಂದಿಲ್ಲ.