ಅರೆನಾಲಗೆ

ಹಗ್ಗ ಎಳೆಯುವುದು ಯಾರಿಗಾದರೂ ಬರುತ್ತದಮ್ಮ,
ಬಿಡುವುದನ್ನು ಕಲಿ, ಎಂದರು ಮಾವ,
ನಾನು ಮದುವೆಯಾಗಿ ಬಂದ ಮೂರನೇ ತಿಂಗಳು,
ಅವರ ಬಲಭುಜ ಮೇಲೇಳದೆ ನಿಂತ ವಾರ.
ಮನೆಯಲ್ಲಿ ಗಂಡಸರಿರಲಿಲ್ಲವೇ? ಇದ್ದರು.
ಒಬ್ಬನಿಗೆ ನೈಟ್ ಶಿಫ್ಟು, ಇನ್ನೊಬ್ಬನಿಗೆ ನಾಚಿಕೆ.
ನಾನು ಹೇಗೂ ನಾಲ್ಕೂವರೆಗೆ ನೀರು ಹಿಡಿಯಲು ಏಳುವವಳು,
ಬಿಂದಿಗೆ ಎತ್ತುವ ಕೈಗೆ ಒಂದು ಹಗ್ಗ ಭಾರವೇ?

ಭಾರ.
ಮೇಲಿರುವವಳು ಫಿಲೊಮಿನಾ.
ಗಂಟೆಗೂ ಜ್ಞಾನಸ್ನಾನ ಕೊಟ್ಟು ಹೆಸರಿಟ್ಟಿದ್ದಾರೆ,
ಅಂಚಿನಲ್ಲಿ ಫ್ರಾನ್ಸಿನ ಯಾವುದೋ ಊರು,
ಮೊದಲೆರಡಕ್ಷರ ಪಾರಿವಾಳದ ಹಿಕ್ಕೆಯಡಿ.
ಎಳೆದೆ, ಸುಮ್ಮನೆ ತೂಗಿದಳು.
ಮತ್ತೆ ಎಳೆದೆ, ತೂಗಿದಳು. ಮೂರನೆಯದಕ್ಕೆ
ನಾನು ಹಗ್ಗ ಬಿಡಲಿಲ್ಲ, ಅವಳು ನನ್ನ ಬಿಡಲಿಲ್ಲ:
ನೆಲದಿಂದ ಎರಡಡಿ ಮೇಲೆ ನಾನು, ಕೆಳಗೆ ಒಂಟಿ ಚಪ್ಪಲಿ.
ಸುಲಿದ ಅಂಗೈಗೆ ಅತ್ತೆ ಕೊಬ್ಬರಿಎಣ್ಣೆ ಸವರಿದರು.

ಆಮೇಲೆ ಪಾಠ.
ಬೆಳಿಗ್ಗೆ, ಮಧ್ಯಾಹ್ನ, ಸಂಜೆ: ಮೂರು, ಮೂರು, ಮೂರು,
ನಡುನಡುವೆ ಒಂದು ನಮೋಮರಿಯದಷ್ಟು ಉಸಿರು,
ಕೊನೆಗೆ ಒಂಬತ್ತು.
ಮದುವೆಗೆ ಲೆಕ್ಕವಿಲ್ಲ, ತೋಳಿದ್ದಷ್ಟು.
ಸಾವಿಗೆ ವಯಸ್ಸಿನಷ್ಟು,
ಒಂದೊಂದರ ನಡುವೆ ಲಾಳಿ ಇಪ್ಪತ್ತು ಸಲ ಓಡುವಷ್ಟು ಬಿಡುವು.
ಮಾವ ಬಿನ್ನಿ ಮಿಲ್ಲಿನವರು, ಎಲ್ಲವನ್ನೂ ಲಾಳಿಯಲ್ಲೇ ಎಣಿಸುವವರು.
ಗಾರ್ಮೆಂಟ್ಸಿನವಳು ನಾನು,
ಒಂದು ಕಫ್ ಹೊಲಿಯುವಷ್ಟು ಅಂದುಕೊಂಡೆ.
ಎರಡೂ ಒಂದೇ ಹೊತ್ತೆಂದು ಗೊತ್ತಾದದ್ದು
ಗೋಪಾಲಪುರದ ಸಗಾಯಮ್ಮ ತೀರಿಕೊಂಡ ದಿನ.
ಎಂಬತ್ತೊಂದು.
ಕೊನೆಯ ಹತ್ತಕ್ಕೆ ಸೊಂಟ ನನ್ನದಾಗಿ ಉಳಿದಿರಲಿಲ್ಲ.
ಮುದುಕಿ ವಯಸ್ಸು ಕದ್ದಿದ್ದರೂ ಆಗುತ್ತಿತ್ತು, ಎಂದರು ಅತ್ತೆ.

ಐದೂವರೆಗೆ ಎದ್ದಿರುವವಳು ನಾನೊಬ್ಬಳೇ ಅಲ್ಲ.
ಗೋರಿಪಾಳ್ಯದ ಬಾಂಗು ಮುಗಿದಿರುತ್ತದೆ.
ಆಂಜನೇಯನ ಗುಡಿಯಲ್ಲಿ ಕರೆಂಟಿನ ನಗಾರಿ
ತನ್ನನ್ನು ತಾನೇ ಬಡಿದುಕೊಳ್ಳುತ್ತಿರುತ್ತದೆ.
ನಿಮಗೂ ಒಂದು ಮೋಟರು ಹಾಕಿಸಬಾರದೇ ಇನ್ನಾಸಪ್ಪ,
ಅರ್ಚಕರು ಒಮ್ಮೆ ಕೇಳಿದ್ದರು.
ಹಾಕಿಸಬಹುದು ಸ್ವಾಮಿ, ಎಂದರಂತೆ ಮಾವ,
ಸತ್ತವರ ವಯಸ್ಸು ಅದಕ್ಕೆ ಹೇಳುವವರು ಯಾರು?

ಸೈರನ್ನು ಕೂಗುತ್ತಿದ್ದ ಜಾಗದಲ್ಲಿ ಈಗ ಹದಿನೆಂಟು ಮಹಡಿ.
ಹನ್ನೊಂದನೆಯದರಿಂದ ಒಬ್ಬಳು ಇಳಿದು ಬಂದಳು,
ಕಣ್ಣಸುತ್ತ ಕಪ್ಪು, ತೋಳಲ್ಲಿ ನಲವತ್ತು ದಿನದ ಕೂಸು.
ಜಗಳಕ್ಕಲ್ಲ.
ಅಕ್ಕಾ, ಇದು ಆಗಷ್ಟೇ ಮಲಗಿರುತ್ತೆ, ಎಂದಳು.
ಫಾದರ್ ಮಾವನ ಮುಖ ನೋಡಿದರು,
ಮಾವ ನೆಲ ನೋಡಿದರು.

ಆ ರಾತ್ರಿ ಪಂಕ್ಚರ್ ಅಂಗಡಿಯ ಹಳೇ ಟ್ಯೂಬು.
ಹತ್ತಲಾಗದವರು ಕೆಳಗಿನಿಂದ ಟಾರ್ಚು ಹಿಡಿದು ಕೂಗಿದರು:
ನಾಲಗೆಯ ಒಂದು ಮಗ್ಗುಲಿಗೆ ಮಾತ್ರ!
ಪೂರ್ತಿ ಸುತ್ತಿದರೆ ಅದು ಗಂಟೆಯಲ್ಲ, ಕೊಡ!
ಹಿಂದೆ ಬಿಷಪ್ಪರು ತೀರಿದಾಗ ಹೀಗೆ ಕಟ್ಟುತ್ತಿದ್ದರಂತೆ.
ಹುಟ್ಟಿದವರಿಗೆ ಕಟ್ಟಿದ್ದು ಇದೇ ಮೊದಲು.

ಮಾರನೇ ಬೆಳಿಗ್ಗೆ ಫಿಲೊಮಿನಾ ಒಮ್ಮೆ ಕೂಗಿದಳು,
ಮರುಸಲ ಕೂಗಿದ್ದನ್ನು ನೆನೆಸಿಕೊಂಡಳು.
ಢಣ್. ಹ್ಞೂಂ. ಢಣ್. ಹ್ಞೂಂ.
ಯಾರು ಹೋದರು? ಟೀ ಅಂಗಡಿಯ ಕುಟ್ಟಿ ಓಡಿಬಂದ.
ಯಾರೂ ಇಲ್ಲ, ಒಂದು ಬಂದಿದೆ, ಎಂದೆ.
ಈಗಲೂ ಎಚ್ಚರವಾಗುತ್ತಂತೆ ಕೂಸಿಗೆ.
ಅಳುವುದಿಲ್ಲ, ಕೇಳುತ್ತೆ, ಎಂದಳು ತಾಯಿ.

ಪವಿತ್ರ ಗುರುವಾರದಿಂದ ಗಂಟೆ ಪೂರ್ತಿ ಮೂಕ.
ಎರಡು ದಿನ ಮರದ ಗಿಲಕಿಯ ಕಟಕಟ,
ಎರಡು ದಿನ ಗೂಡಿನಲ್ಲಿ ಪಾರಿವಾಳಗಳದೇ ರಾಜ್ಯ.
ಶನಿವಾರ ನಡುರಾತ್ರಿ, ಮೇಣದಬತ್ತಿ ಕೈಯಿಂದ ಕೈಗೆ ದಾಟುವಾಗ,
ಮಾವ ಕತ್ತೆತ್ತಿ ಸನ್ನೆ ಮಾಡಿದರು: ಬಿಚ್ಚು.
ಸೆಕೆಗೆ ಕಬ್ಬಿಣಕ್ಕಂಟಿದ ರಬ್ಬರು
ಉಗುರು ಮುರಿದ ಮೇಲೆ ಬಂತು.
ಸೆರಗಿಗೆ ಗಂಟು ಹಾಕಿಕೊಂಡು ಇಳಿದೆ, ಬೇಕಾಗುತ್ತೆ ನಾಳೆಗೆ.

ಎಳೆದೆ.
ಇಷ್ಟು ದಿನ ನುಂಗಿದ್ದನ್ನೆಲ್ಲ ಎರಡೂ ಕೆನ್ನೆಯಿಂದ ಕೂಗಿದಳು.
ಕಲ್ಲು ನಡುಗಿತು, ಹಲ್ಲು ನಡುಗಿತು,
ಯಾವುದೋ ಆಟೋದ ಮೇಲೆ ಪಾರಿವಾಳಗಳು ಸುರಿದವು.
ಹನ್ನೊಂದನೇ ಮಹಡಿಯಲ್ಲಿ ಒಂದು ಕಿಟಕಿ ಹಳದಿಯಾಯಿತು,
ಸಿಟ್ಟಿಗೋ, ಮತ್ತೇನಕ್ಕೋ, ಇಲ್ಲಿಂದ ಕಾಣುವುದಿಲ್ಲ.

ಬಿಟ್ಟೆ.
ಹಗ್ಗ ತೂತಿನೊಳಗೆ ಮೇಲೇರಿ ಹೋಯಿತು.
ತಿರುಗಿ ಬರುವವರೆಗೆ
ಕೈ ತೆರೆದುಕೊಂಡು ನಿಂತಿದ್ದೆ.